ಹೋಲ್ಡಾನ್ ರುದ್ರಪ್ಪನವರು

ಕಂಡಕ್ಟರ್ ರುದ್ರಪ್ಪನವರ ಕತ್ತು ಸದಾ ಹಿಂದಕ್ಕೇ ತಿರುಗಿರುತ್ತಿತ್ತು. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬೆಳಗಿನ ಬಸ್ಸಿನ ಹಿಂಬಾಗಿಲಲ್ಲಿ ನಿಂತು, ಯಾರಾದರೂ ಓಡಿ ಬರುತ್ತಿದ್ದಾರೆಯೇ ಎಂದು ನೋಡದೆ ಅವರು ‘ರೈಟ್’ ಅಂದವರಲ್ಲ. ಓಡಿ ಬರುವವಳು ಸಾಮಾನ್ಯವಾಗಿ ನಾನೇ. ಸೊರಬದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವ ನನಗೂ ಗಡಿಯಾರಕ್ಕೂ ಎಂದೂ ಸರಿಹೋಗಿಲ್ಲ. ಡ್ರೈವರ್ ಗೊಣಗುತ್ತಿದ್ದ, ರುದ್ರಪ್ಪನವರು ‘ಹೋಲ್ಡಾನ್’ ಎಂದು ತಗಡು ಬಡಿದು ನಿಲ್ಲಿಸುತ್ತಿದ್ದರು.

ಆ ಉಪಕಾರಕ್ಕೆ ನಾನು ಉತ್ತರ ಕೊಡಬೇಕಿತ್ತು. ಟಿಕೆಟ್ ಹರಿದು ಮುಗಿದೊಡನೆ ನನ್ನ ಸೀಟಿನ ಪಕ್ಕ ನಿಂತು ಶುರು ಮಾಡುವರು. ವಿಮಾನಕ್ಕೆ ಹಾರ್ನ್ ಉಂಟೋ? ಮೋಡದೊಳಗೆ ಎದುರಿನ ಗಾಡಿ ಕಾಣುವುದು ಹೇಗೆ? ರಿವರ್ಸ್ ಹೋಗುತ್ತದೋ? ನಿಲ್ದಾಣದಲ್ಲಿ ಅದನ್ನು ಇನ್ನೊಂದು ಗಾಡಿ ಹಿಂದಕ್ಕೆ ತಳ್ಳುತ್ತದೆ ಎಂದಾಗ ಅವರಿಗೆ ಭಾರೀ ಸಮಾಧಾನ. ತಳ್ಳಿಸಿಕೊಳ್ಳುವುದರಲ್ಲಿ ನಮ್ಮ ಬಸ್ಸೂ ಕಡಿಮೆಯಿರಲಿಲ್ಲ. ಬಾಹ್ಯಾಕಾಶದಲ್ಲಿ ಎಲ್ಲರೂ ತೇಲುತ್ತಾರೆ ಎಂದು ವಿವರಿಸಿದ ದಿನ ಮಾತ್ರ ತುಂಬಿದ ಬಸ್ಸನ್ನು ಹಿಂದಿನಿಂದ ಮುಂದಿನವರೆಗೆ ಒಮ್ಮೆ ನೋಡಿ ಕೇಳಿದರು.

“ಹಂಗಾದ್ರೆ ಅಲ್ಲಿ ಸೀಟು ಯಾವ್ದು, ಸ್ಟ್ಯಾಂಡಿಂಗ್ ಯಾವ್ದು ಮೇಡಮ್ಮೋರೆ?”



ಈ ಪ್ರಶ್ನೆಗಳ ಹಿಂದೆ ಒಂದು ಸಂಕಟವಿತ್ತು. ಹೈದರಾಬಾದಿನಲ್ಲಿ ನರ್ಸ್ ಆಗಿದ್ದ ಅವರ ಮಗಳಿಗೆ ಹೆರಿಗೆಯಾಗಿತ್ತು. ಅಳಿಯ ಶಿವಮೊಗ್ಗದಿಂದ ಅಲ್ಲಿಗೆ ವಿಮಾನದ ಟಿಕೆಟ್ ಮಾಡಿಸಿದ್ದ. ಮೊಮ್ಮಗಳ ಮುಖ ನೋಡಲು ಜೀವ ಹಾತೊರೆಯುತ್ತಿತ್ತು, ಆದರೆ ಕಂಡಕ್ಟರ್ ಇಲ್ಲದ ಗಾಡಿ ಹತ್ತಲು ಮನಸ್ಸು ಒಪ್ಪದು.

“ಡ್ರೈವರ್ ಮುಂದೆ ನೋಡ್ತಾನೆ. ಹಿಂದೆ ನೋಡೋರು ಯಾರು? ಯಾರಾರ ಉಳಕಂಡ್ರೆ?”

ಆ ಚಿಂತೆಯಲ್ಲೇ ಶಿರಾಳಕೊಪ್ಪದಲ್ಲಿ ‘ಸೊರಬ ಬಂತು’ ಎಂದು ಕೂಗಿ, ಒಂದು ಮದುವೆಯ ಬೀಗರನ್ನೆಲ್ಲ ಗಂಟುಮೂಟೆ ಸಮೇತ ಇಳಿಸಿಬಿಟ್ಟರು. ಅವರನ್ನು ಮತ್ತೆ ಹತ್ತಿಸುವಷ್ಟರಲ್ಲಿ ನನ್ನ ಮೊದಲ ಪೀರಿಯಡ್ ಮುಗಿದಿತ್ತು.

ಕೊನೆಗೆ ಹೆಂಡತಿ ಗಿರಿಜಮ್ಮನ ಹಟಕ್ಕೆ ಹೊರಟರು. ವಾಪಸು ಬಂದ ಮೇಲೆ ಕತೆ ಅವರ ಬಾಯಿಂದಲೇ ಕೇಳಿದೆ. ವಿಮಾನದ ಬಾಗಿಲು ಹಾಕಿದಾಗ ಗಿರಿಜಮ್ಮ ಅದರೊಳಗಿನ ಶೌಚಾಲಯದಲ್ಲಿದ್ದರಂತೆ. ಇವರು ತಡೆಯಲಾರದೆ ಎದ್ದು, ತಲೆಯ ಮೇಲಿನ ಸಾಮಾನಿನ ಗೂಡನ್ನು ದಬದಬ ಬಡಿದು, “ಹೋಲ್ಡಾನ್, ಒಬ್ರು ಬಾಕಿ ಅದಾರೆ” ಎಂದು ಕೂಗಿದರಂತೆ. ಇಡೀ ವಿಮಾನ ತಿರುಗಿ ನೋಡಿತು. ಕನ್ನಡ ಬರುತ್ತಿದ್ದ ಗಗನಸಖಿಯೊಬ್ಬಳು ಓಡಿ ಬಂದು, ತಲೆ ಎಣಿಸಿಯಾಗಿದೆ, ಎಲ್ಲರೂ ಕೂತ ಮೇಲೆಯೇ ಹೊರಡುವುದು ಎಂದು ಸಮಾಧಾನ ಹೇಳಿದಳು.

“ಆ ಹುಡುಗಿನೇ ಕಂಡಕ್ಟ್ರು ನೋಡ್ರಿ. ನಮ್ಮೋಳೇ” ಎನ್ನುವಾಗ ಅವರ ಮುಖ ನೋಡಬೇಕಿತ್ತು. ಮೊಮ್ಮಗಳು ಹೇಗಿದ್ದಾಳೆಂದು ನಾನೇ ಕೇಳಿ ತಿಳಿಯಬೇಕಾಯಿತು.

ಈ ವರ್ಷ ಯುಗಾದಿ ಕಳೆದ ಮೇಲೆ ರುದ್ರಪ್ಪನವರು ನಿದ್ದೆಯಲ್ಲೇ ಹೋಗಿಬಿಟ್ಟರು. ಅಂದೂ ನನಗೆ ತಡವಾಯಿತು. ಹಾರ ಹಿಡಿದುಕೊಂಡು ಅವರ ಬೀದಿಯ ತಿರುವಿಗೆ ಬಂದಾಗ ವ್ಯಾನು ಹೊರಟಿತ್ತು. ಕೈ ಬೀಸುತ್ತ ಓಡಿದೆ. ಹಿಂಬಾಗಿಲು ಮುಚ್ಚಿತ್ತು, ಯಾರೂ ತಿರುಗಿ ನೋಡಲಿಲ್ಲ. ರುದ್ರಪ್ಪನವರಿದ್ದ ಗಾಡಿ ನನ್ನನ್ನು ಬಿಟ್ಟು ಹೋದದ್ದು ಅದೊಂದೇ ಸಲ.