ಕಾರಿನಲ್ಲಿ ಮೂರನೇ ತಲೆ

ಕಾರು ಹೈವೇಗೆ ಏರುತ್ತಿದ್ದಂತೆ ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ ಜಗಳ ಶುರು. ಹಿಂದಿನ ಸೀಟಿನಲ್ಲಿ ನಾನು, ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ.

1994ರ ನವೆಂಬರ್. ರೆಸ್ಟನ್‌ನಿಂದ ವಾಷಿಂಗ್ಟನ್‌ನ ಆಫೀಸಿಗೆ ನಾನು ಹೋಗುತ್ತಿದ್ದದ್ದು ಪಕ್ಕದ ಮನೆಯ ನಾರ್ವೆ ದಂಪತಿ ಲಾರ್ಸ್ ಮತ್ತು ಇಂಗ್ರಿಡ್ ಅವರ ಕಾರಿನಲ್ಲಿ. ಡ್ರೈವಿಂಗ್ ಟೆಸ್ಟ್‌ನಲ್ಲಿ ನಾನು ಫೇಲ್ ಆಗುವುದು ಅಭ್ಯಾಸವಾಗಿಬಿಟ್ಟಿತ್ತು.

ಅವರಿಗೂ ನಾನು ಬೇಕಿತ್ತು. ಬೆಳಗಿನ ಹೊತ್ತು ಆ ಹೈವೇಯಲ್ಲಿ ಕಾರಿನೊಳಗೆ ಮೂರು ಜನ ಇಲ್ಲದಿದ್ದರೆ ಪೊಲೀಸರು ದಂಡದ ಟಿಕೆಟ್ ಹರಿದು ಕೈಗೆ ಕೊಡುತ್ತಿದ್ದರು.

ಜಗಳ ಯಾವುದಕ್ಕೆ ಗೊತ್ತೇ? ನಾರ್ವೆ ಯುರೋಪಿಯನ್ ಯೂನಿಯನ್‌ಗೆ ಸೇರಬೇಕೋ ಬೇಡವೋ ಎಂದು ತಿಂಗಳ ಕೊನೆಗೆ ಅಲ್ಲಿ ಜನಮತಗಣನೆ. ಲಾರ್ಸ್ ಸೇರಲೇಬೇಕು ಎನ್ನುವವನು. ಇಂಗ್ರಿಡ್‌ಳ ಅಪ್ಪ ಮೀನುಗಾರ. ಸೇರಿದರೆ ಕಂಡವರ ದೋಣಿಗಳೆಲ್ಲ ತಮ್ಮ ಸಮುದ್ರಕ್ಕೆ ನುಗ್ಗುತ್ತವೆ ಎಂದು ಅವಳ ಭಯ.

ಬೆಳಗ್ಗೆ ಇಂಗ್ರಿಡ್ ಮೊದಲು ಇಳಿಯುತ್ತಿದ್ದಳು. ಆಮೇಲೆ ಲಾರ್ಸ್ ಕನ್ನಡಿಯಲ್ಲಿ ನನ್ನನ್ನು ನೋಡಿ, ನೀನೇನಂತೀಯ ಎಂದು ಕೇಳುತ್ತಿದ್ದ.

ರೈಡ್ ಕೊಡುವವನ ಮಾತಿಗೆ ಇಲ್ಲ ಅನ್ನುವುದು ಹೇಗೆ? ದಾಕ್ಷಿಣ್ಯ! ನಮ್ಮ ಮೈಸೂರಿನ ಕೂಡುಕುಟುಂಬದ ಕಥೆ ಹೇಳಿದೆ. ತಾತ ಹಾಸಿಗೆ ಹಿಡಿದಾಗ ಮನೆ ತುಂಬ ಜನ ಇದ್ದದ್ದರಿಂದ ಅವರ ಕಷ್ಟ ಯಾರಿಗೂ ಭಾರವಾಗಲಿಲ್ಲ, ಕೂಡಿ ಬಾಳಿದರೆ ಸ್ವರ್ಗ ಅಂದೆ. ಲಾರ್ಸ್‌ಗೆ ಪರಮಾನಂದ.

ಸಂಜೆ ಇಂಗ್ರಿಡ್ ನಡೆದುಕೊಂಡು ನನ್ನ ಆಫೀಸಿನ ಹತ್ತಿರ ಬರುತ್ತಿದ್ದಳು. ಲಾರ್ಸ್ ಕಾರು ತರುವ ತನಕ ಫುಟ್‌ಪಾತಿನಲ್ಲಿ ನಾವಿಬ್ಬರೇ. ಅವಳದ್ದೂ ಅದೇ ಪ್ರಶ್ನೆ. ನನ್ನದು ಅದೇ ಕೂಡುಕುಟುಂಬ... ಆದರೆ ಈ ಸಲ, ನಮ್ಮಮ್ಮ ಒಂದು ಚಿಟಿಕೆ ಉಪ್ಪು ಹೆಚ್ಚಿಗೆ ಹಾಕಬೇಕಾದರೂ ದೊಡ್ಡಮ್ಮನ ಅಪ್ಪಣೆ ಕೇಳಬೇಕಿತ್ತು ಎಂಬ ಭಾಗ. ಇಂಗ್ರಿಡ್ ನನ್ನ ಕೈ ಕುಲುಕಿದಳು.

ಮನೆಗೆ ಬಂದು ಜಂಬ ಕೊಚ್ಚಿಕೊಂಡರೆ ನನ್ನ ಹೆಂಡತಿ ಸುಮಾ ದೋಸೆ ಮಗುಚುತ್ತಲೇ ಅಂದಳು: "ರೀ, ಅವರ ಮನೆ ವಿಷಯ ನಿಮಗ್ಯಾಕ್ರೀ? ಇಬ್ರೂ ಸೇರಿ ನಿಮ್ಮನ್ನ ಕಾರಿಂದ ಇಳಿಸಿಬಿಟ್ರೆ ಬಸ್ಸಲ್ಲಿ ಎರಡು ಕಡೆ ಚೇಂಜ್ ಮಾಡ್ಕೊಂಡು ಹೋಗ್ತೀರಾ?"

ಕೇಳಲಿಲ್ಲ. ಕೇಳಿದ್ದರೆ ಈ ಪೋಸ್ಟ್ ಇರುತ್ತಿರಲಿಲ್ಲ.

ಭಾನುವಾರ ಅವರ ಮನೆಯಲ್ಲಿ ನಾರ್ವೆಯವರ ಗುಂಪು ಸೇರಿತ್ತು. ವಾಫಲ್, ಜ್ಯಾಮ್, ಕಾಫಿ... ಜೊತೆಗೆ ಜನಮತಗಣನೆಯ ಬಗ್ಗೆ ಚರ್ಚೆ. ಈ ಕಡೆ ಸೋಫಾ 'ಹೌದು', ಆ ಕಡೆ ಸೋಫಾ 'ಬೇಡ'. ನಾನು ಮತ್ತು ಸುಮಾ ನಡುವೆ, ಡೈನಿಂಗ್ ಟೇಬಲ್ಲಿನ ಕುರ್ಚಿಗಳಲ್ಲಿ.

ಮಾತು ಏರಿತು. ಲಾರ್ಸ್ ತಟಕ್ಕನೆ ನನ್ನ ಕಡೆ ತಿರುಗಿ, ನಿನ್ನ ತಾತನ ಕಥೆ ಇವರಿಗೆ ಹೇಳು ಅಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಇಂಗ್ರಿಡ್, ತಾತ ಅಲ್ಲ, ಉಪ್ಪಿನ ಕಥೆ ಹೇಳು ಅಂದಳು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು. ನಾನು ವಾಫಲ್ ತಟ್ಟೆ ಕೆಳಗಿಟ್ಟೆ.

ಎರಡೂ ನಿಜವೇ ಎಂದು ತೊದಲಿದೆ. ನಿಜವೇ ಆಗಿತ್ತು! ಯಾರೂ ನಂಬಲಿಲ್ಲ.

ಆಗ ಇಂಗ್ರಿಡ್ ಮೆಲ್ಲಗೆ ಕೇಳಿದಳು. ನಿಮ್ಮ ರಾಜ್ಯದಲ್ಲೂ ಈ ತಿಂಗಳು ಚುನಾವಣೆ ಅಂದಿದ್ದೆಯಲ್ಲ, ನಾವು ಎಂಬಸಿಗೆ ಹೋಗಿ ವೋಟ್ ಹಾಕುತ್ತೇವೆ, ನೀನು ಎಲ್ಲಿ ಹಾಕುತ್ತೀಯ?

ಎಲ್ಲೂ ಇಲ್ಲ, ಅಂದೆ. ಇಲ್ಲಿ ನಾನು ವೀಸಾದವನು. ಅಲ್ಲಿ ವೋಟ್ ಹಾಕಬೇಕಾದರೆ ವಿಮಾನ ಹತ್ತಬೇಕು.

ಅವಳು ಚುಚ್ಚಲು ಕೇಳಿರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಎರಡೂ ಸೋಫಾಗಳು ಅಂದು ಒಮ್ಮತಕ್ಕೆ ಬಂದದ್ದು ಒಂದೇ ವಿಷಯದಲ್ಲಿ, ನನ್ನನ್ನು ನೋಡಿ ಅಯ್ಯೋ ಅನ್ನುವುದರಲ್ಲಿ.

ಮನೆಗೆ ಬರುವಾಗ ಸುಮಾ ನಕ್ಕಳು. "ನೀವು ಆಟಕ್ಕುಂಟು ಲೆಕ್ಕಕ್ಕಿಲ್ಲ ಕಣ್ರೀ."

ನನಗೆ ನಗು ಬರಲಿಲ್ಲ. ನಿಜ ಹೇಳಬೇಕೆಂದರೆ ಅಳು ಬಂದಿತ್ತು.

ಸೋಮವಾರ ಬೆಳಗ್ಗೆ ಬಸ್ಸಿನ ಚಿಲ್ಲರೆ ಜೇಬಿಗೆ ಹಾಕಿಕೊಂಡೇ ಹೊರಗೆ ನಿಂತಿದ್ದೇನೆ. ಚಳಿ. ಪಕ್ಕದ ಮನೆಯ ಗರಾಜ್ ಬಾಗಿಲು ಏಳುತ್ತದೆ, ಕಾರು ಹಿಂದಕ್ಕೆ ಬರುತ್ತದೆ... ಇಬ್ಬರೂ ನನ್ನ ಕಡೆ ನೋಡುತ್ತಿಲ್ಲ.

ಕಾರು ನನ್ನ ಮುಂದೆ ನಿಂತಿತು. ಇಂಗ್ರಿಡ್ ಕೈ ಹಿಂದಕ್ಕೆ ಚಾಚಿ ಬಾಗಿಲು ತೆಗೆದಳು.

ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ಹೈವೇಗೆ ಏರುವ ಕಡೆ ಪೊಲೀಸಿನವನು ಕೈ ತೋರಿಸಿ ನಿಲ್ಲಿಸಿದ. ಬಗ್ಗಿ ಒಳಗೆ ನೋಡಿದ. ಲಾರ್ಸ್, ಇಂಗ್ರಿಡ್, ಕೊನೆಗೆ ನಾನು. ಬೆರಳು ಮಾಡಿ ಎಣಿಸಿ, ಹೋಗಿ ಎಂದು ಕೈ ಬೀಸಿದ.

ಇಂಗ್ರಿಡ್‌ಗೆ ಮೊದಲು ನಗು ಬಂತು, ಆಮೇಲೆ ಲಾರ್ಸ್‌ಗೆ. ಇನ್ನು ಮೇಲೆ ನಿನ್ನ ಅಭಿಪ್ರಾಯ ಬೇಡ ಮಾರಾಯ, ನಿನ್ನ ತಲೆಯೊಂದು ಇದ್ದರೆ ಸಾಕು ಎಂಬರ್ಥದಲ್ಲಿ ಏನೋ ಅಂದ ಲಾರ್ಸ್.

ಆ ತಿಂಗಳು ನಾರ್ವೆ 'ಬೇಡ' ಅಂದಿತು, ಸ್ವಲ್ಪವೇ ಅಂತರದಲ್ಲಿ. ಮುಂದಿನ ತಿಂಗಳು ಕರ್ನಾಟಕವೂ ನನ್ನನ್ನು ಕೇಳದೆಯೇ ಸರ್ಕಾರ ಬದಲಿಸಿತು. ಆ ವರ್ಷ ಈ ಭೂಮಿಯ ಮೇಲೆ ನನ್ನನ್ನು ಒಬ್ಬ ಎಂದು ಎಣಿಸಿದವನು ಆ ಪೊಲೀಸಿನವನೊಬ್ಬನೇ.

ನಿಮ್ಮನ್ನು ಯಾರು ಎಣಿಸುತ್ತಾರೆ, ಹೇಳಿ?