ಏಣಿ ಹತ್ತಿಸಿದ ಮಂಡಿ

ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ಕೀಲಕ್ಕ ಎಂದೇ ಕರೆಯುತ್ತಿದ್ದರು. ಲೇತ್ ಕೆಲಸಗಾರನ ಮಗಳು. ಕೃತಕ ಮಂಡಿಯ ಕೀಲಿನ ಮೇಲೆ ಡಾಕ್ಟರೇಟ್ ಮಾಡಿದವಳು. ಅಗ್ಗದ ಮಂಡಿಗಳು ಸಮನೆಲದಲ್ಲಿ ನಡೆಸುತ್ತವೆ, ಮೆಟ್ಟಿಲಲ್ಲಿ ಕೈಕೊಡುತ್ತವೆ. ಇವಳ ಕೀಲು ಭಾರ ಬಿದ್ದೊಡನೆ ಬಿಗಿಯುತ್ತಿತ್ತು, ಭಾರ ಇಳಿದೊಡನೆ ಸಡಿಲವಾಗುತ್ತಿತ್ತು. ಬ್ಯಾಟರಿಯ ಹಂಗಿಲ್ಲ. ಒಳಗಿನ ಹಿತ್ತಾಳೆ ಬಿಲ್ಲೆಗಳನ್ನು ಅಪ್ಪನೇ ಕಡೆದುಕೊಟ್ಟಿದ್ದ.

ಅದನ್ನು ಮೊದಲು ತೊಟ್ಟವನು ಗೋಡೆಗೆ ಬಣ್ಣ ಬಳಿಯುವವನು. ಮೂರನೇ ಮಹಡಿಗೆ ಕಟ್ಟಿದ್ದ ಸಾರುವೆಯಿಂದ ಬಿದ್ದು ಒಂದು ಕಾಲು ಕಳೆದುಕೊಂಡಿದ್ದ. ಹೆಂಡತಿಯ ದುಡಿಮೆಯಲ್ಲಿ ಉಣ್ಣುತ್ತ, ಬಾವಮೈದುನನ ಚುಚ್ಚುಮಾತು ಕೇಳುತ್ತ ಕೂತಿದ್ದವನು ಈ ಮಂಡಿ ತೊಟ್ಟ ಐದನೇ ವಾರಕ್ಕೆ ಏಣಿ ಹತ್ತಿದ. ಆಗಲೂ ಬಾವಮೈದುನ ಬಿಡಲಿಲ್ಲ: “ಬಾವ, ಇಳಿಯೋದು ನೆನಪಿದೆಯಾ, ಇಲ್ಲ ಊಟ ಮೇಲಕ್ಕೇ ಕಳಿಸ್ಲಾ?”

ಕೀಲನ್ನು ಇನ್ನೂ ಇಪ್ಪತ್ತು ಮಂದಿಗೆ ತೊಡಿಸಿ ನೋಡಬೇಕಿತ್ತು. ಅವರ ಕಾಲಿನ ಅಳತೆಯೂ ಆಗಿತ್ತು. ಹಣ ಕೇಳಿದರೆ ಆರೋಗ್ಯ ಇಲಾಖೆಯವರು, ಜೊತೆಗೆ ಹಿರಿಯ ವಿಜ್ಞಾನಿಯೊಬ್ಬರು ಇರಲಿ ಎಂದರು. ಹೊಸಬರನ್ನು ನಂಬಿ ಹಣ ಕೊಡುತ್ತಿದ್ದುದು ಸೇನೆಯೊಂದೇ. ಡಾಕ್ಟರೇಟ್ ಆಗಿ ಏಳು ವರ್ಷ ಮೀರಿರಬಾರದು, ಅಷ್ಟೇ. ಇದನ್ನು ಸೇನೆಯ ಔದಾರ್ಯ ಎಂದು ಹೊಗಳುವವರಿದ್ದಾರೆ. ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡಾಗ ತೆರೆದಿರುವ ಒಂದೇ ಅಂಗಡಿಯನ್ನು ನಾನು ಔದಾರ್ಯ ಎನ್ನಲಾರೆ. ಅವಳಿಗೆ ಏಳನೇ ವರ್ಷ ನಡೆಯುತ್ತಿತ್ತು.

ಅರ್ಜಿಯಲ್ಲಿ ‘ಸೇನೆಗೆ ಉಪಯೋಗ’ ಎಂಬುದೊಂದು ಪುಟ. ಅದನ್ನು ಸ್ವಂತವಾಗಿ ಬರೆಯುವ ರೂಢಿ ಅವಳ ವಿಭಾಗದಲ್ಲಿರಲಿಲ್ಲ. ಹಿಂದಿನ ವರ್ಷ ಗೆದ್ದವರ ಪುಟವನ್ನು ಮುಖ್ಯಸ್ಥರೇ ಕಡತದಿಂದ ತೆಗೆದು ಕೊಡುತ್ತಿದ್ದರು. ವಸ್ತುವಿನ ಹೆಸರು ಬದಲಿಸಿ ಸಹಿ ಹಾಕಿದರಾಯಿತು. ಆ ಸಲ ಸಿಕ್ಕಿದ್ದು ಡ್ರೋನ್ ರೆಕ್ಕೆಯ ಅರ್ಜಿ. ಅವಳು ರೆಕ್ಕೆ ಇದ್ದಲ್ಲೆಲ್ಲ ಮಂಡಿ ಎಂದು ಬರೆದಳು. ಕೊನೆಯ ಸಾಲು ಹೀಗಿತ್ತು: ‘ಈವರೆಗೆ ತಯಾರಾದ ಎಲ್ಲ ಮಾದರಿ ಮತ್ತು ನಕ್ಷೆಗಳನ್ನು ಗೋಪ್ಯವೆಂದು ಪರಿಗಣಿಸಿ ಸೇನೆಯ ವಶಕ್ಕೆ ಒಪ್ಪಿಸುತ್ತೇನೆ.’ ಓದಲಿಲ್ಲವೇ ಎಂದರೆ, ಓದಿದ್ದಳು. ಎಲ್ಲರೂ ಬರೆಯುವ ಸಾಲು ತಾನೇ ಎಂದುಕೊಂಡಳು. ತಪ್ಪು ಅವಳದೇ, ಅದನ್ನು ನಾನು ಮುಚ್ಚಿಡುವುದಿಲ್ಲ.

ಅನುದಾನ ಮಂಜೂರಾಯಿತು. ಅದರ ಬೆನ್ನಿಗೇ ಸೇನೆಯಿಂದ ಒಂದು ಪತ್ರ ಬಂತು: ವಿಭಾಗದಿಂದ ಕಳಿಸಿದ ನಕ್ಷೆಗಳೂ ಮೂರು ಮಾದರಿಗಳೂ ತಲುಪಿವೆ, ನಾಲ್ಕನೆಯದನ್ನು ಹದಿನೈದು ದಿನದೊಳಗೆ ಒಪ್ಪಿಸತಕ್ಕದ್ದು. ನಾಲ್ಕನೆಯದು ಬಣ್ಣದವನ ಕಾಲಿನಲ್ಲಿತ್ತು.

ಅವಳು ಮುಖ್ಯಸ್ಥರ ಬಳಿ ಹೋದಳು. ಅವನಿಗೊಂದು ಅಗ್ಗದ ಮಂಡಿ ಕೊಡಿಸೋಣ ಎಂದರು ಅವರು. ಅದನ್ನು ತೊಟ್ಟು ಏಣಿ ಹತ್ತಿದರೆ ಬೀಳುತ್ತಾನೆ ಎಂದಳು.

“ಹಾಗಾದ್ರೆ ಹತ್ತೋದು ಬೇಡ ಅನ್ನು. ನೋಡಮ್ಮ, ಒಬ್ಬನ ಕಾಲಿಗೋಸ್ಕರ ವಿಭಾಗದ ಹೆಸರು ಕೆಡಿಸ್ಬೇಡ.”

ತಮ್ಮ ಎರಡೂ ಕಾಲುಗಳನ್ನು ಮೇಜಿನಡಿ ಆರಾಮಾಗಿ ಚಾಚಿಕೊಂಡು ಆಡಿದ ಮಾತಿದು.

ಬಣ್ಣದವನು ಒಂದು ಶಾಲೆಯ ಪಡಸಾಲೆಯಲ್ಲಿ ಕೆಲಸ ಮಾಡುತ್ತಿದ್ದ. ಇಳಿದು ಬಂದು, ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡ.

“ನೀವು ಕೊಟ್ಟಿದ್ದು ಅಕ್ಕ, ಬಿಚ್ಚು ಅಂದ್ರೆ ಬಿಚ್ತೀನಿ. ಈ ಗೋಡೆ ಅರ್ಧ ಆಗಿದೆ, ಇದೊಂದು ಮುಗಿಸಿಬಿಡ್ತೀನಿ.”

ಅವನು ಗೋಗರೆದಿದ್ದರೆ ಅವಳು ಏನೋ ಸಮಾಧಾನ ಹೇಳಿ ಬರುತ್ತಿದ್ದಳೇನೋ. ಅವನು ಗೋಗರೆಯಲಿಲ್ಲ, ಮತ್ತೆ ಏಣಿ ಹತ್ತಿದ.

ಪತ್ರದ ಜೊತೆಗಿದ್ದ ನಮೂನೆಯಲ್ಲಿ ‘ಮಾದರಿ ಇರುವ ಸ್ಥಳ’ ಎಂಬಲ್ಲಿ ಅವಳು ಬರೆದಳು: ‘ಒಬ್ಬ ಮನುಷ್ಯನ ಮೈಮೇಲೆ. ನಾನು ಬಿಚ್ಚುವುದಿಲ್ಲ. ಬೇಕಾದವರು ಬಂದು, ಅವನ ಮುಖ ನೋಡಿಕೊಂಡು ಬಿಚ್ಚಲಿ.’ ಅನುದಾನ ಬೇಡವೆಂಬ ಕಾಗದವನ್ನೂ ಲಗತ್ತಿಸಿದಳು.

ಬಿಚ್ಚಲು ಯಾರೂ ಬರಲಿಲ್ಲ. ಅನುದಾನ ರದ್ದಾಯಿತು, ಆದರೆ ಒಮ್ಮೆ ಹಾಕಿದ ಸಹಿಯನ್ನು ಹಿಂತೆಗೆಯುವಂತಿಲ್ಲ ಎಂಬ ಉತ್ತರ ಬಂತು. ಹಾಗಾಗಿ ತಾನೇ ರೂಪಿಸಿದ ಕೀಲನ್ನು ಇನ್ನೊಂದು ಮಾಡುವ ಹಕ್ಕು ಅವಳಿಗಿಲ್ಲ. ಅದನ್ನು ಯಾವ ಸೈನಿಕನಿಗೂ ತೊಡಿಸಿದ ಸುದ್ದಿಯೂ ಇಲ್ಲ. ಅಷ್ಟರಲ್ಲಿ ಏಳು ವರ್ಷ ತುಂಬಿತು, ಹೊಸ ಅರ್ಜಿಗೂ ದಾರಿ ಉಳಿಯಲಿಲ್ಲ. ಅವಳೀಗ ಪಾಲಿಟೆಕ್ನಿಕ್ಕಿನಲ್ಲಿ ಡ್ರಾಯಿಂಗ್ ಕಲಿಸುತ್ತಾಳೆ.

ಅಳತೆ ಕೊಟ್ಟಿದ್ದ ಇಪ್ಪತ್ತು ಮಂದಿಯಲ್ಲಿ ಕೆಲವರು ಈಗಲೂ ಗೇಟಿನ ಬಳಿ ಬಂದು, ನಮ್ಮದು ಯಾವಾಗ ಎಂದು ಕೇಳುತ್ತಾರೆ. ಅವಳು ಒಂದು ಚೀಟಿಯಲ್ಲಿ ಸೇನೆಯ ಕಚೇರಿಯ ವಿಳಾಸ ಬರೆದು ಕೊಟ್ಟು, ಅಲ್ಲಿ ಕೇಳಿ ಎನ್ನುತ್ತಾಳೆ.