ಕೋಲು ಹಿಡಿದವರ ಮನೆ ನಕ್ಷೆಯಲ್ಲಿಲ್ಲ

ಕಾಪುವಿನ ದೀಪಸ್ತಂಭದ ದೀಪ ಇನ್ನೂ ಆರಿಲ್ಲ. ಸಮುದ್ರ ಇಳಿದು ತೀರ ಅಗಲವಾಗಿದೆ. ಬೆಳಗಿನ ನಡಿಗೆಯವರು ಬರುವುದಕ್ಕೆ ಇನ್ನೂ ಹೊತ್ತಿದೆ. ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ವ್ಯಕ್ತಿಯೊಬ್ಬರು ನೀರಿನಲ್ಲಿ ನಿಂತು, ತಮಗಿಂತ ಎತ್ತರದ ಕೋಲೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ. ಕೋಲಿನ ತುದಿಯಲ್ಲಿ ಅಣಬೆಯಾಕಾರದ ಉಪಕರಣ, ಎದೆಯ ಮಟ್ಟದಲ್ಲಿ ಪುಟ್ಟ ಗಾಜು, ಗಾಜಿನೊಳಗೆ ಒಂದು ಗಾಳಿಗುಳ್ಳೆ. ಗುಳ್ಳೆ ವೃತ್ತದ ನಟ್ಟನಡುವೆ ನಿಂತರೆ ಕೋಲು ನೆಟ್ಟಗಿದೆ ಎಂದರ್ಥ. ತೆರೆ ಬಂದು ಹೋಗುತ್ತದೆ, ಅವರ ಕಣ್ಣು ಮಾತ್ರ ಗುಳ್ಳೆಯಿಂದ ಕದಲುವುದಿಲ್ಲ.

"ಕಾಲಾಗಿನ ಉಸುಕು ಜಾರತಿರತೈತ್ರಿ. ನಾ ಜಾರಬಾರದು. ನಾ ಒಂದ್ ಬೊಟ್ಟು ವಾಲಿದ್ರ ಊರಿನ ಲೆಕ್ಕನ ವಾಲತೈತಿ" ಎನ್ನುತ್ತಾರೆ ಚಂದಪ್ಪ.

ದಡದಲ್ಲಿ ಕುಕ್ಕರುಗಾಲಲ್ಲಿ ಕುಳಿತಿರುವ ರೇಮಂಡ್ ಕೈಯಲ್ಲಿನ ಯಂತ್ರ ನೋಡಿ ತಲೆಯಾಡಿಸುತ್ತಾರೆ. ಖಾಸಗಿ ಸರ್ವೆ ಕಂಪನಿಯೊಂದರಲ್ಲಿ ಹಲವು ವರ್ಷಗಳಿಂದ ಇರುವ ಸರ್ವೆಯರ್ ಅವರು. "ಆಯ್ತು ಚಂದಪ್ಪ, ಮುಂದಕ್ಕೆ ಹೋಗುವ." ಚಂದಪ್ಪ ಕೋಲನ್ನು ಹೆಗಲಿಗೇರಿಸಿ ದಕ್ಷಿಣಕ್ಕೆ ಹೆಜ್ಜೆ ಹಾಕುತ್ತಾರೆ. ಮೇ ತಿಂಗಳು ಮುಗಿಯುತ್ತ ಬಂದಿದೆ, ಮಳೆಗೆ ಮೊದಲು ತೀರದ ಅಳತೆ ಮುಗಿಯಬೇಕು. ಇಳಿತ ಇದ್ದಾಗಲೇ ಕೆಲಸ, ಹಾಗಾಗಿ ಇವರ ಗಡಿಯಾರವನ್ನು ತಿರುಗಿಸುವುದು ಸಮುದ್ರ. ಕೋಳಿ ಕೂಗುವ ಮೊದಲೇ ಎದ್ದು, ಕೋಲು ಹಿಡಿದು, ಸೂರ್ಯ ಏರಿದ ಮೇಲೆ ಗಂಜಿ ಕುಡಿಯುವವರ ಬಗ್ಗೆ ಯಾವ ವರದಿಯಲ್ಲೂ ಒಂದು ಸಾಲು ಇರುವುದಿಲ್ಲ.

ಎರಡು ವರ್ಷಗಳ ಹಿಂದೆ, ಫೆಬ್ರುವರಿಯ ಒಂದು ಬೆಳಿಗ್ಗೆ, ಸಣ್ಣ ವಿಮಾನವೊಂದು ಉಡುಪಿಯಿಂದ ಕಾಪುವಿನವರೆಗಿನ ಕರಾವಳಿಯ ಮೇಲೆ ಹಿಂದೆ ಮುಂದೆ ಹಾರಾಡಿದ್ದು ಈ ಭಾಗದ ಕೆಲವರಿಗಾದರೂ ನೆನಪಿರಬಹುದು. ಅದರ ಹೊಟ್ಟೆಯಿಂದ ಲೇಸರ್ ಬೆಳಕು ಕ್ಷಣಕ್ಕೆ ಸಾವಿರ ಸಾವಿರ ಸಲ ಕೆಳಗಿಳಿಯುತ್ತಿತ್ತು. ತೆಂಗಿನ ತಲೆಗೆ ತಾಗಿದ್ದು ಬೇಗ ಮರಳುತ್ತದೆ, ನೆಲಕ್ಕೆ ತಾಗಿದ್ದು ಸ್ವಲ್ಪ ತಡವಾಗಿ ಮರಳುತ್ತದೆ. ಆ ವ್ಯತ್ಯಾಸದಿಂದ ಎಲ್ಲಿ ನೆಲ ಎಷ್ಟು ಎತ್ತರ, ಸಮುದ್ರ ಏರಿ ಬಂದರೆ ಮೊದಲು ಯಾವ ಅಂಗಳಕ್ಕೆ ನುಗ್ಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಆದರೆ ಆಕಾಶದಿಂದ ನೋಡಿದ ಎತ್ತರ ನಿಜವೇ ಎಂದು ತಾಳೆ ನೋಡಲು ನೆಲದ ಮೇಲೆ ಯಾರಾದರೂ ಕೋಲು ಹಿಡಿದು ನಿಲ್ಲಲೇಬೇಕು. ಆ 'ಯಾರಾದರೂ' ಎಂಬ ಜಾಗದಲ್ಲಿ ನಿಂತವರು ಚಂದಪ್ಪ.

ಬಾದಾಮಿ ಕಡೆಯ ಹಳ್ಳಿಯೊಂದರವರು. ತೊಂಬತ್ತರ ದಶಕದ ಕೊನೆಯಲ್ಲಿ, ಮಣಿಪಾಲದಲ್ಲಿ ಹಾಸ್ಟೆಲುಗಳು ಒಂದರ ಹಿಂದೆ ಒಂದು ಏಳುತ್ತಿದ್ದಾಗ, ಊರಿನ ಗುಂಪಿನೊಂದಿಗೆ ಕಾಂಕ್ರೀಟು ಹೊರಲು ಬಂದವರು. ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಭುಜದ ಮೂಳೆ ಮುರಿದ ಮೇಲೆ ಬುಟ್ಟಿ ಹೊರುವುದು ನಿಂತಿತು. ಗುಂಪಿನವರು ಕೆಲವು ದಿನ ಅನ್ನ ಹಾಕಿದರು, ಆಮೇಲೆ ಅವರೂ ಬೇರೆ ಕಟ್ಟಡಕ್ಕೆ ಹೋದರು. ರೇಮಂಡರಿಗೆ ಆಗ ಕೋಲು ಹಿಡಿಯುವವರೊಬ್ಬರು ಬೇಕಿತ್ತು.

"ಬಂದವರೆಲ್ಲ ಎರಡು ದಿನ ನಿಂತು ಓಡುತ್ತಿದ್ದರು. ಬಿಸಿಲಲ್ಲಿ ಸುಮ್ಮನೆ ನಿಲ್ಲುವುದು ಯಾರಿಗೂ ಆಗುವುದಿಲ್ಲ ಮಾರಾಯ್ರೆ. ಈ ಒಬ್ಬ ಜನ ಮಾತ್ರ ನಿಂತರು" ಎಂದು ನೆನಪಿಸಿಕೊಳ್ಳುತ್ತಾರೆ ರೇಮಂಡ್.

ಹಾಗೆ ನಿಂತವರು ಎಲ್ಲೆಲ್ಲಿ ನಿಂತಿಲ್ಲ. ಕಾರ್ಕಳದ ಕಾದ ಬಂಡೆಯ ಮೇಲೆ ನಿಂತಿದ್ದಾರೆ, ಅಜೆಕಾರಿನ ಗದ್ದೆಯ ಬದುವಿನ ಮೇಲೆ ನಿಂತಿದ್ದಾರೆ. ಕೆಮ್ಮಣ್ಣು ಎಂಬ ಊರಿನ ಹಿನ್ನೀರಿನ ಕೆಸರಿನಲ್ಲಿ ತೊಡೆಯವರೆಗೆ ಹೂತು, ಕೋಲನ್ನು ಮಾತ್ರ ಬಿಡದೆ ಕೂಗು ಹಾಕಿ ಜನ ಸೇರಿಸಿದ್ದಾರೆ. ಮುಂಬಯಿ ದಾಳಿ ನಡೆದ ಚಳಿಗಾಲದಲ್ಲಿ, ನಸುಕಿನಲ್ಲಿ ಯಂತ್ರ ಹಿಡಿದು ಕಡಲ ಕಡೆ ನೋಡುತ್ತಿದ್ದಾರೆಂದು ಊರ ಹುಡುಗರು ಇವರನ್ನು ಹಿಡಿದು ಕೂರಿಸಿದ್ದೂ ಆಗಿದೆ. "ಉಗ್ರ ಅಂದ್ರು. ನನ್ನ ಮಾರಿ ನೋಡಿ ಯಾರಿಗರ ಹಂಗ ಅನಸತೈತೇನ್ರಿ" ಎಂದು ಚಂದಪ್ಪ ನಗುತ್ತಾರೆ. ಇಡೀ ಬೆಳಗಿನಲ್ಲಿ ಅವರು ನಕ್ಕಿದ್ದು ಅದೊಂದೇ ಸಲ.

ನಗು ಅಲ್ಲಿಗೇ ನಿಲ್ಲುವುದಕ್ಕೆ ಕಾರಣವಿದೆ. ಕಾಪುವಿನ ದಕ್ಷಿಣಕ್ಕೆ, ಸಮುದ್ರಕ್ಕೂ ಅದರ ಹಿಂದೆ ಹರಿಯುವ ತೋಡು ಎಂಬ ಸಣ್ಣ ಹಳ್ಳಕ್ಕೂ ನಡುವಿನ ಮರಳು ಪಟ್ಟಿಯಲ್ಲಿ ತಗಡು, ಪ್ಲಾಸ್ಟಿಕ್ ಹಾಳೆ ಹೊದೆಸಿದ ಗುಡಿಸಲುಗಳ ಸಾಲುಗಳಿವೆ. ಜಾಗದ ಯಜಮಾನರು ಗಲ್ಫಿನಲ್ಲಿದ್ದಾರೆ, ಬೇಡ ಎಂದೂ ಹೇಳಿಲ್ಲ, ಇರಿ ಎಂದೂ ಹೇಳಿಲ್ಲ. ಕಟ್ಟಡ ಕೆಲಸಕ್ಕೆ, ಮೀನು ಒಣಗಿಸುವುದಕ್ಕೆ, ಮನೆಗೆಲಸಕ್ಕೆ ಹೋಗುವ ಬಯಲುಸೀಮೆಯ ಜನ ಅಲ್ಲಿದ್ದಾರೆ. ಎರಡನೆಯ ಸಾಲಿನಲ್ಲಿ ಚಂದಪ್ಪನವರ ಮನೆ. ಒಳಗೆ ಹೋಗಬೇಕಾದರೆ ಯಾರೇ ಆಗಲಿ ತಲೆ ಬಗ್ಗಿಸಬೇಕು.

ವಿಮಾನ ಬರುವ ಸುದ್ದಿಯನ್ನು ಆ ಕೇರಿಗೆ ಮೊದಲು ತಂದವರು ಚಂದಪ್ಪನವರೇ. ಮೇಲಿನಿಂದ ನಮ್ಮ ಊರನ್ನೆಲ್ಲ ನೋಡುತ್ತಾರಂತೆ, ಸರಕಾರಕ್ಕೆ ತೋರಿಸುತ್ತಾರಂತೆ ಎಂದರು. ಕೇರಿಯಲ್ಲಿ ಅಂದು ಶುರುವಾದ ಸಡಗರವನ್ನು ಅವರ ಹೆಂಡತಿ ಯಮನವ್ವ ಹೇಳುತ್ತಾರೆ.

"ಫೋಟೊ ತಗೀತಾರ ಅಂತ ತಿಳದ್ವಿರಿ. ನಮ್ಮ ಮನಿ ಮ್ಯಾಲ ನೋಡಿದ್ರ ಬರೇ ತೂತು, ಜಂಗು, ಹರಕ ಹಾಳಿ. ಸರಕಾರದವರು ನೋಡಿದ್ರ ಏನಂದಾರು. ಆಜೂಬಾಜೂದವರಂಗ ನಾವೂ ಛಲೋ ಕಾಣಬೇಕು ಅಂದ್ವಿ."

ಆಜೂಬಾಜಿನವರು ಬೇಸಿಗೆಯಲ್ಲಿ ಕೊಟ್ಟಿಗೆಗೆ, ಚಪ್ಪರಕ್ಕೆ ತೆಂಗಿನ ಮಡಲು, ಅಂದರೆ ಗರಿ, ಹೆಣೆದು ಹೊದೆಸುವುದನ್ನು ಇವರು ನೋಡಿದ್ದರು. ನಾವೂ ಹಾಗೆ ಹೊದೆಸೋಣ ಎಂದವರು ಚಂದಪ್ಪನವರೇ. ಯಮನವ್ವ ಮನೆಗೆಲಸಕ್ಕೆ ಹೋಗುತ್ತಿದ್ದ ಮನೆಯ ಹಿರಿಯ ಹೆಂಗಸು ಅಕ್ಕು, ಮಡಲು ಸೀಳಿ ಹೆಣೆಯುವುದನ್ನು ಕೂರಿಸಿಕೊಂಡು ಕಲಿಸಿದರು, ತೋಟದಲ್ಲಿ ಬಿದ್ದ ಮಡಲುಗಳನ್ನೂ ಕೊಟ್ಟರು. ಕೇರಿಯ ಹೆಂಗಸರೆಲ್ಲ ಕೂತು ಹೆಣೆದರು. ಗಂಡಸರು ತಗಡು ಕಾಣದ ಹಾಗೆ, ಹಾಳೆ ಕಾಣದ ಹಾಗೆ ಹೊದೆಸಿದರು. ಅಂಗಳ ಸಾರಿಸಿದರು. ವಿಮಾನ ತಲೆಯ ಮೇಲೆ ಹಾದಾಗ ಮಕ್ಕಳು ಮಿಂದು, ಮಡಿ ಬಟ್ಟೆ ಹಾಕಿಕೊಂಡು ಹೊರಗೆ ನಿಂತಿದ್ದರು. ಆ ವಾರದಲ್ಲೇ ಚಂದಪ್ಪ ತಮ್ಮ ಮನೆಯ ಅಂಗಳದಲ್ಲೂ ಕೋಲು ಹಿಡಿದು ನಿಂತರು. ತಾಳೆ ನೋಡುವ ಜಾಗಗಳಲ್ಲಿ ಅದೂ ಒಂದಾಗಿತ್ತು.

ವಿಮಾನ ತಂದ ಲೆಕ್ಕ ಮಣಿಪಾಲದಲ್ಲಿರುವ ರೇಮಂಡರ ಕಂಪನಿಯ ಕಚೇರಿಗೆ ಹೋಯಿತು. ಅಂಗಡಿ ಸಾಲಿನ ಮಹಡಿಯ ಮೇಲೆ, ಕಿಟಕಿಗೆ ಕಪ್ಪು ಪರದೆ ಎಳೆದ ಕೋಣೆಯಲ್ಲಿ, ಯಶ್ಮಿತಾ ಮತ್ತು ಅವರಂಥ ಹಲವರು ಕಂಪ್ಯೂಟರಿನ ಮುಂದೆ ಕೂತು, ಲೇಸರ್ ತಾಗಿದ ಒಂದೊಂದು ಜಾಗವನ್ನೂ ತೋರಿಸುವ ಚುಕ್ಕೆಗಳನ್ನು ವಿಂಗಡಿಸುತ್ತಾರೆ. ನೆಲಕ್ಕೆ ಕಂದು ಬಣ್ಣ, ಮನೆಗೆ ಕೆಂಪು, ಮರ ಮತ್ತು ಗಿಡಗಂಟಿಗೆ ಹಸಿರು. ಕಂಪ್ಯೂಟರ್ ತಾನೇ ಒಂದು ಸುತ್ತು ವಿಂಗಡಿಸುತ್ತದೆ, ಅನುಮಾನ ಬಂದಲ್ಲಿ ಇವರು ತಿದ್ದುತ್ತಾರೆ. ಎತ್ತರವಿದ್ದು ಮೇಲ್ಮೈ ಸಮವಾಗಿದ್ದರೆ ಮನೆ. ತಗ್ಗಾಗಿದ್ದು ಎಲೆಎಲೆಯಾಗಿ ಚದುರಿದ್ದರೆ ಗಿಡಗಂಟಿ.

"ನನಗೆ ಪರದೆಯಲ್ಲಿ ಚುಕ್ಕೆಗಳು ಮಾತ್ರ ಕಾಣುವುದು. ಅಲ್ಲಿ ಹಸಿರು ಬಂದಿತ್ತು, ಸುತ್ತ ತೆಂಗಿನ ತೋಟ ಉಂಟಲ್ವಾ, ಸರಿಯೇ ಇರಬೇಕು ಅಂದುಕೊಂಡೆ" ಎನ್ನುತ್ತಾರೆ ಯಶ್ಮಿತಾ. "ತಗಡು ಬರಿದಾಗಿ ಇದ್ದಿದ್ದರೆ ಸಮತಟ್ಟು ಕಾಣುತ್ತಿತ್ತು. ಇದೆಂತ ಅಂತ ನಾನು ಖಂಡಿತ ನಿಲ್ಲಿಸಿ ನೋಡುತ್ತಿದ್ದೆ."

ಚೆನ್ನಾಗಿ ಕಾಣಬೇಕೆಂದು ಹೊದೆಸಿದ ಮಡಲು ಒಂದಿಡೀ ಕೇರಿಯನ್ನು ಕಾಣದಂತೆ ಮಾಡಿತು. ಯಾರನ್ನು ಬೈಯುವುದು? ಹೆಣೆದವರನ್ನೋ, ಹೆಣೆಯಲು ಕಲಿಸಿದವರನ್ನೋ, ಕಪ್ಪು ಪರದೆಯ ಹಿಂದೆ ಕೂತು ದಿನವಿಡೀ ಚುಕ್ಕೆ ನೋಡುವ ಹುಡುಗಿಯನ್ನೋ? ಮರಳಿ ಒಬ್ಬರೂ ಬಂದು ನೋಡಲಿಲ್ಲ ಎಂಬುದಷ್ಟೇ ಬೈಯಬೇಕಾದ ಮಾತು, ಮತ್ತು ಅದಕ್ಕೆ ಹೊಣೆ ಯಾರೂ ಅಲ್ಲ.

ನಕ್ಷೆ ತಯಾರಾಯಿತು. ತಗ್ಗು ನೆಲವೂ ಮನೆಗಳೂ ಇರುವಲ್ಲೆಲ್ಲ ಕಡಲಿಗೆ ಕಲ್ಲಿನ ತಡೆಗೋಡೆ ಎಂದು ತೀರ್ಮಾನವಾಯಿತು. ಕಳೆದ ವರ್ಷ ಬೇಸಿಗೆಯಲ್ಲಿ ಟಿಪ್ಪರುಗಳು ಕಲ್ಲು ಸುರಿಯುತ್ತ ಕೇರಿಯ ಹತ್ತಿರ ಹತ್ತಿರ ಬಂದವು. ಮಕ್ಕಳು ಓಡಿಹೋಗಿ ನೋಡಿದರು. ಕೇರಿಯ ಗಡಿ ಮುಟ್ಟುತ್ತಲೇ ಟಿಪ್ಪರುಗಳು ತಿರುಗಿದವು, ಕೇರಿಯನ್ನು ಹಾರಿ ಆಚೆಯ ಹೆಂಚಿನ ಮನೆಗಳ ಮುಂದೆ ಮತ್ತೆ ಕಲ್ಲು ಸುರಿದವು. ನಡುವೆ ಬಾಯಿ ತೆರೆದ ಹಾಗೆ ಖಾಲಿ ಉಳಿಯಿತು. ಆ ಮಳೆಗಾಲದಲ್ಲಿ ಎರಡೂ ಕಡೆಯ ಗೋಡೆಗೆ ಬಡಿದ ತೆರೆಗಳೆಲ್ಲ ಇದ್ದ ಸಂದಿಯಲ್ಲೇ ನುಗ್ಗಿದವು. ಮುಂದಿನ ಸಾಲು ಹೋಯಿತು.

ಆ ಸಾಲಿನಲ್ಲಿ ಕರಿಬಸವನ ಮನೆಯಿತ್ತು. ಚಂದಪ್ಪನವರ ಊರಿನವನೇ, ಜೊತೆಯಲ್ಲೇ ಬಂದವನು, ಭುಜ ಮುರಿದಾಗ ಆಸ್ಪತ್ರೆಗೆ ಹೊತ್ತುಕೊಂಡು ಓಡಿದವನು. ಪಾತ್ರೆಪಗಡೆ ಕಟ್ಟಿಕೊಂಡು ಮಣಿಪಾಲದ ಕಟ್ಟಡವೊಂದರ ಶೆಡ್ಡಿಗೆ ಹೋಗುವಾಗ ಚಂದಪ್ಪನವರ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ. "ಮಡಲು ಹೊಚ್ಚಂದಾಂವ ನೀನ." ಅಂದಿನಿಂದ ಮಾತಿಲ್ಲ. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾನೆ.

ಚಂದಪ್ಪ ಮಳೆ ನಿಂತ ಮೇಲೆ ರೇಮಂಡರನ್ನು ಕರೆದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ರೇಮಂಡ್ ತಮ್ಮ ಕಡೆಯಿಂದ ಹೇಳುವುದನ್ನೆಲ್ಲ ಹೇಳಿದರು. "ಇವರ ಅಂಗಳದ ಎತ್ತರ ನಕ್ಷೆಯಲ್ಲಿ ಸರಿಯಾಗಿಯೇ ಉಂಟು, ನಾನೇ ಅಳೆದದ್ದು. ಅಂಗಳ ಉಂಟು ಅಂದ ಮೇಲೆ ಮನೆ ಇರುವುದಿಲ್ವಾ ಅಂತ ಕೇಳಿದೆ. ನಕ್ಷೆಯಲ್ಲಿ ಮನೆ ತೋರಿಸಿ ಅಂದರು. ನಕ್ಷೆ ಮಾಡಿದವರು ನಾವೇ ಅಲ್ವಾ, ಎಂತ ತೋರಿಸುವುದು?" ವರ್ಷದ ಕೆಲಸ ಹಂಚಿ ಆಗಿದೆ, ಇನ್ನು ಮುಂದಿನ ವಿಮಾನ ಹಾರಿದಾಗ ನೋಡೋಣ ಎಂಬ ಉತ್ತರ ಸಿಕ್ಕಿತು. ಮುಂದಿನ ವಿಮಾನ ಯಾವಾಗ ಎಂದು ಹೇಳಬಲ್ಲವರು ಯಾರೂ ಸಿಗಲಿಲ್ಲ.

ಕೊನೆಗೆ ಇಬ್ಬರೂ ಮಣಿಪಾಲದ ಮಹಡಿ ಹತ್ತಿದರು. ತಾವು ವರ್ಷಗಟ್ಟಲೆ ಹಿಡಿದ ಕೋಲಿನ ಫಲವನ್ನು ಚಂದಪ್ಪ ಕಣ್ಣಾರೆ ನೋಡಿದ್ದು ಅಂದೇ ಮೊದಲು. ಯಶ್ಮಿತಾ ಹುಡುಕಿ ತೋರಿಸಿದರು. ತೋಡು ಗೊತ್ತಾಯಿತು, ಅಕ್ಕು ಅವರ ಮನೆ ಕೆಂಪಗೆ ಕಂಡಿತು, ಅದರ ಪಕ್ಕದ ದನದ ಕೊಟ್ಟಿಗೆಗೆ ಹೆಂಚಿದ್ದುದರಿಂದ ಅದೂ ಕೆಂಪಗೆ ಕಂಡಿತು. ಅಲ್ಲಿಂದ ಕಡಲ ಕಡೆಗೆ ಹಸಿರು ಚುಕ್ಕೆಗಳ ಗುಪ್ಪೆಗಳು.

"ನಮ್ಮ ಮನಿ ಇದ ಏನ್ರಿ ಅಕ್ಕಾರ" ಎಂದು ಚಂದಪ್ಪ ಪರದೆಯ ಮೇಲೆ ಬೆರಳಿಟ್ಟರು. ಯಶ್ಮಿತಾ ಹೌದೆಂದರು. ಆಮೇಲೆ, ಯಾರೂ ಕೇಳದಿದ್ದರೂ, ಆ ಒಂದು ಗುಪ್ಪೆಯ ಸುತ್ತ ಗೆರೆ ಎಳೆದು ಬಣ್ಣ ಬದಲಾಯಿಸಿದರು. ಚಂದಪ್ಪನವರ ಮನೆ ಕೆಂಪಾಯಿತು. ಮೂವರೂ ನೋಡುತ್ತ ನಿಂತರು.

"ಇದನ್ನು ಉಳಿಸಲಿಕ್ಕೆ ನನಗೆ ಆಗುವುದಿಲ್ಲ ಚಂದಪ್ಪಣ್ಣ. ನಕ್ಷೆ ಒಪ್ಪಿಸಿ ಆಗಿದೆ" ಎಂದು ಹೇಳಿ ಯಶ್ಮಿತಾ ಮತ್ತೆ ಹಸಿರು ಮಾಡಿದರು. "ಅವರು ಬೈಯಲಿಲ್ಲ. ಇನ್ನೊಮ್ಮೆ ತೋರಸ್ರಿ ಅಂದರು. ಇನ್ನೊಮ್ಮೆ ತೋರಿಸಿದೆ" ಎಂದು ಯಶ್ಮಿತಾ ಈಗ ನೆನಪಿಸಿಕೊಳ್ಳುತ್ತಾರೆ.

ಮಡಲುಗಳನ್ನು ಚಂದಪ್ಪ ಎಂದೋ ಕಿತ್ತು ಒಲೆಗೆ ಹಾಕಿದ್ದಾರೆ. ತಗಡು ಈಗ ಬೇಕಾದಷ್ಟು ಹೊಳೆಯುತ್ತದೆ, ನೋಡಲು ಮೇಲೆ ಯಾರೂ ಇಲ್ಲ. ಒಳಗಿನ ಕಾವಿಗೆ ಕಿರಿಯ ಮಗಳು ನಾಗವೇಣಿ ಮೈಯೆಲ್ಲ ಬೆವರುಸಾಲೆ ಮಾಡಿಕೊಂಡು ಕೆರೆಯುತ್ತಾಳೆ. ಯಮನವ್ವ ಗಂಟು ಕಟ್ಟಲು ಶುರು ಮಾಡಿದ್ದಾರೆ. ಎಲ್ಲಿಗೆ ಎಂಬುದು ಅವರಿಗೇ ಗೊತ್ತಿಲ್ಲ. ಈ ಬೇಸಿಗೆಯಲ್ಲೂ ಕಲ್ಲು ಬರಲಿಲ್ಲ. ಇಂದು ಬೆಳಗಿನ ಅಳತೆಯ ಪ್ರಕಾರ ಅವರ ಅಂಗಳದ ಮುಂದಿನ ಮರಳು ಕಳೆದ ವರ್ಷಕ್ಕಿಂತ ಇನ್ನೂ ತಗ್ಗಿಗೆ ಇಳಿದಿದೆ. ಆ ಲೆಕ್ಕ ಬಂದಿದ್ದೂ ಚಂದಪ್ಪ ಹಿಡಿದ ಕೋಲಿನಿಂದಲೇ.

ಹೀಗಿದ್ದೂ ಕೋಲನ್ನು ಯಾಕೆ ಹಿಡಿಯುತ್ತೀರಿ ಎಂದರೆ ಅವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. "ಬ್ಯಾರೆಯವರ ಮನಿ ಅದಾವಲ್ರಿ ಆಕಡೆ" ಎನ್ನುತ್ತಾರೆ. ಬಿಸಿಲು ಏರಿದೆ. ರೇಮಂಡ್ ಯಂತ್ರವನ್ನು ಪೆಟ್ಟಿಗೆಗೆ ಹಾಕುತ್ತಿದ್ದಾರೆ. ಚಂದಪ್ಪ ಕೋಲಿನ ಉಪ್ಪನ್ನು ಹೆಗಲ ವಸ್ತ್ರದಿಂದ ಒರೆಸುತ್ತ, ಸರಕಾರದ ಬಳಿ ಏನು ಕೇಳುತ್ತೀರಿ ಎಂಬ ಮಾತಿಗೆ ಉತ್ತರಿಸುತ್ತಾರೆ.

"ಗ್ವಾಡಿ ಕಟ್ರಿ ಅಂತ ಕೇಳಂಗಿಲ್ರಿ, ಅದು ಇನ್ನ ಆಗೂದಲ್ಲ. ಈ ಮಳಿಗೆ ನಮ್ಮ ಮನಿ ಹೋಕ್ಕೈತಿ, ನನಗ ಗೊತ್ತೈತಿ. ಹೋಗೂದ್ರೊಳಗ ಒಮ್ಮೆ ಆ ನಕಾಶಿದಾಗ ಮನಿ ಅಂತ ಹಾಕಂತ ಹೇಳ್ರಿ. ಆಮ್ಯಾಲ ಸಮುದ್ರ ಒಯ್ಯಲಿ. ಚಂದಪ್ಪನ ಮನಿ ಹೋತು ಅಂತಾದ್ರೂ ಆಕ್ಕೈತಿ. ಈಗ ಹೋದ್ರ, ಗಿಡಗಂಟಿ ಹೋದುವು ಅಂತಾರ, ಅಷ್ಟ."